ದಾಕಿನ ಸಾಹೇಬರು ಸಮ್ಮೇಳನಕ್ಕೆ ಹೋಗಿ ಬಂದದ್ದು

ದೊಡ್ಡಬಳ್ಳಾಪುರದಲ್ಲಿ ಖಾಸಿಂ ಸಾಹೇಬರ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಿದ್ದರು. ದಾಕಿನ ಸಾಹೇಬರ ಮನೆ ಎಂದರೆ ಮಾತ್ರ ಎಲ್ಲರೂ ಒಂದೇ ಬೀದಿಗೆ ಕೈ ಮಾಡುತ್ತಿದ್ದರು. ಸಿಡುಬು ಬರದಂತೆ ಮಕ್ಕಳ ತೋಳಿಗೆ ದಾಕು ಹಾಕುವುದು ಅವರ ಸರ್ಕಾರಿ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು, ತಲೆಗೆ ಕೆಂಪು ತುರ್ಕಿ ಟೋಪಿ ಇಟ್ಟು ಅವರು ಊರಮುಂದಿನ ಅರಳಿಕಟ್ಟೆ ತಲುಪುವ ಹೊತ್ತಿಗೆ ಊರಿನ ಅರ್ಧ ಮಕ್ಕಳು ಕಣಜದ ಹಿಂದೆ, ಹುಲ್ಲು ಬಣವೆಯ ಸಂದಿಯಲ್ಲಿ ಸೇರಿಕೊಂಡಿರುತ್ತಿದ್ದರು. ಉಳಿದರ್ಧ ಮಕ್ಕಳನ್ನು ಅವರ ತಾಯಂದಿರು ನೆಂಟರ ಊರಿಗೆ ಸಾಗಿಸಿರುತ್ತಿದ್ದರು. ಸಿಡುಬಿನ ಅಮ್ಮ ಮುನಿದುಕೊಂಡರೆ ಸಾಬಿ ಬಂದು ಕಾಯುತ್ತಾನೆಯೇ ಎಂದು ಅವರ ಬೆನ್ನ ಹಿಂದೆ ಅಲ್ಲ, ಎದುರಿಗೇ ಕೇಳುತ್ತಿದ್ದರು.

ಖಾಸಿಂ ಸಾಹೇಬರು ಬೀಡಿ ಸೇದುತ್ತಿರಲಿಲ್ಲ, ಎಲೆಯಡಿಕೆ ಮುಟ್ಟುತ್ತಿರಲಿಲ್ಲ. ಜನರನ್ನು ತಾತ್ಸಾರ ಮಾಡುವುದೊಂದೇ ಅವರಿಗಿದ್ದ ಚಟ. ಮಕ್ಕಳನ್ನು ಬಚ್ಚಿಡುವ ತಾಯಂದಿರ ಮೇಲೆ ತಾತ್ಸಾರವಿರಲಿಲ್ಲ. ಅವರದು ಹೆದರಿಕೆ, ಹೆದರಿಕೆಗೆ ಅರ್ಥವಿದೆ. ಆದರೆ ಕಾರಿನಿಂದ ಇಳಿಯದೆಯೇ ತನಿಖೆ ಮುಗಿಸುವ ಡಾಕ್ಟರು, ಸಹಿ ಹಾಕುವುದಕ್ಕೆ ಮೊದಲು ಆಕಳಿಸುವ ಅಮಲ್ದಾರರು, ಮಸೀದಿಯ ಕಟ್ಟೆಯಲ್ಲಿ ಕೂತು ಯುದ್ಧ ಗೆಲ್ಲಿಸುವ ಮೊಹಲ್ಲಾದ ಹಿರಿಯರು, ಇವರೆಲ್ಲರಿಗೂ ಅವರ ಮನಸ್ಸಿನಲ್ಲಿ ಒಂದೊಂದು ಹೆಸರಿತ್ತು. ಆ ಹೆಸರುಗಳು ಅವರ ಹೆಂಡತಿ ಅನ್ವರ್ ಬೇಗಂ ಒಬ್ಬರಿಗೇ ಗೊತ್ತು.

ಅವರು ಕನ್ನಡ ಕಲಿತದ್ದು ಒಂದು ಸಾವಿನಿಂದ. ಅವರಿಗೆ ಆರು ವರ್ಷವಾಗಿದ್ದಾಗ ಉರ್ದು ಶಾಲೆಯ ಮಾಸ್ತರರು ತೀರಿಕೊಂಡರು. ಬೇರೆಯವರು ಬರುವವರೆಗೆ ಹುಡುಗ ಬೀದಿ ಸುತ್ತುವುದು ಬೇಡವೆಂದು ಜಟಕಾ ಹೊಡೆಯುತ್ತಿದ್ದ ಅಪ್ಪ ಅವರನ್ನು ಕನ್ನಡ ಶಾಲೆಗೆ ಬಿಟ್ಟರು. ಬೇರೆಯವರು ಬರುವುದಕ್ಕೆ ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಹುಡುಗ ಛಂದಸ್ಸಿನವರೆಗೆ ಹೋಗಿಬಿಟ್ಟಿದ್ದ.

ಹಳ್ಳಿ ಹಳ್ಳಿ ತಿರುಗಿ ಕಂಡದ್ದನ್ನು ಅವರು ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ. ಮೊದಲ ಲೇಖನ ಸಪ್ಪಲಮ್ಮ ಎಂಬ ಮುದುಕಿಯ ಮೇಲೆ. ಆಕೆ ಮೊಮ್ಮಗನನ್ನು ಮಂಕರಿಯ ಕೆಳಗೆ ಕೋಳಿಯ ಜೊತೆ ಕವುಚಿ ಹಾಕಿ, ಅದರ ಮೇಲೆ ತಾನೇ ಕೂತುಕೊಂಡು, ನಮ್ಮನೇಲಿ ಮಕ್ಕಳೇ ಇಲ್ಲ ಸಾಬ್ರೇ ಎಂದಿದ್ದಳು. ಸಾಹೇಬರು ಹಾಗೆಯೇ ಬರೆದರು. ಬೆಂಗಳೂರಿನ ಒಂದು ವಾರಪತ್ರಿಕೆ ಅದನ್ನು ಅಚ್ಚು ಮಾಡಿತು, ಇನ್ನೂ ಬರೆಯಿರಿ ಎಂದಿತು. ನಾಲ್ಕು ವರ್ಷದಲ್ಲಿ ಹದಿನೈದು ಲೇಖನವಾದವು. ಯಾರು ಓದಿದರೋ ಬಿಟ್ಟರೋ, ೧೯೪೪ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಲೇಖಕರ ಸಮ್ಮೇಳನವೆಂದು ಅವರಿಗೆ ಅಚ್ಚಿನ ಆಹ್ವಾನ ಬಂತು. ಗ್ರಾಮಜೀವನದ ಗೋಷ್ಠಿಯಲ್ಲಿ ಹದಿನೈದು ನಿಮಿಷ ಮಾತಾಡಬೇಕಂತೆ. ಅನ್ವರ್ ಬೇಗಂ ಮದುವೆಯ ಕಾಲದ ಶೇರ್ವಾನಿಯನ್ನು ಪೆಟ್ಟಿಗೆಯಿಂದ ತೆಗೆದು, ಕಂಕುಳ ಹೊಲಿಗೆ ಬಿಚ್ಚಿ, ಬಟ್ಟೆ ಸೇರಿಸಿ ಅಗಲ ಮಾಡಿದರು.

"ಅಲ್ಲಿ ಯಾರನ್ನೂ ಏನೂ ಅನ್ನಬೇಡಿ," ಎಂದರು ಆಕೆ ಮನೆಯ ದಖನಿ ಮಾತಿನಲ್ಲಿ. "ಮುಖದಲ್ಲೂ ಅನ್ನಬೇಡಿ. ನೀವು ಬಾಯಿಗಿಂತ ಮುಖದಲ್ಲೇ ಜಾಸ್ತಿ ಅಂತೀರಿ."

ಸಮ್ಮೇಳನ ಮುಗಿದ ಮಾರನೆಯ ದಿನ ಮಧ್ಯಾಹ್ನ ಅವರು ಊರಿಗೆ ಹಿಂತಿರುಗುವ ಬಸ್ಸು ಹತ್ತಿದಾಗ ಅದೇ ಮುಖ ಹುಳಿ ಕುಡಿದ ಹಾಗಿತ್ತು. ರೈಲಿನ ತುಂಬಾ ಸಿಪಾಯಿಗಳಿದ್ದುದರಿಂದ ಬಸ್ಸೇ ಗತಿ. ಯುದ್ಧದಿಂದಾಗಿ ಪೆಟ್ರೋಲಿರಲಿಲ್ಲ, ಬಸ್ಸಿನ ಬೆನ್ನಿಗೆ ಕಬ್ಬಿಣದ ಹಂಡೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ಸಾಹೇಬರು ಕಿಟಕಿಯ ಪಕ್ಕ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣೊಳಗೆ ಮೂರು ದಿನದ ಸಮ್ಮೇಳನ ಮತ್ತೆ ಶುರುವಾಯಿತು.

ಮೊದಲನೆಯ ದಿನ ಸ್ವಾಗತ ಸಮಿತಿಯವರು ಅವರ ಟೋಪಿ ನೋಡಿ, ಪೆಂಡಾಲಿನ ಗ್ಯಾಸ್‌ಲೈಟಿನವನೆಂದು ತಿಳಿದು ಹಿಂಬಾಗಿಲು ತೋರಿಸಿದ್ದರು. ಆಹ್ವಾನ ತೋರಿಸಿದ ಮೇಲೆ ಕೈ ಮುಗಿದರು, ಆಮೇಲೆ ಬಿಡಲೇ ಇಲ್ಲ. "ಅಬ್ಬಾ, ಎಷ್ಟು ಶುದ್ಧವಾದ ಕನ್ನಡ ನಿಮ್ಮದು!" ಎಂದು ಒಬ್ಬರು ಶುರುಮಾಡಿದ್ದು ಮೂರು ದಿನವೂ ನಿಲ್ಲಲಿಲ್ಲ. ಕೈ ತೊಳೆಯುವ ನೀರು ಎಲ್ಲಿದೆ ಎಂದು ಕೇಳಿದರೂ ಕನ್ನಡದ ಹೊಗಳಿಕೆ. ಹಾಗೆ ಹೊಗಳಿದವರಲ್ಲಿ ಒಬ್ಬರಾದರೂ, ನೀವು ಏನು ಬರೆದಿದ್ದೀರಿ ಎಂದು ಕೇಳಲಿಲ್ಲ.

ಊಟಕ್ಕೆ ಅವರನ್ನು ಎಲ್ಲಿ ಕೂರಿಸುವುದೆಂದು ಸಮಿತಿಯವರು ಮೂಲೆಯಲ್ಲಿ ನಿಂತು ಪಿಸುಗುಟ್ಟಿದರು. ಕೊನೆಗೆ ಶಾಲೆಯ ಜಗಲಿಯಲ್ಲಿ ಒಂದು ಮೇಜು ಹಾಕಿ, "ತಮಗೆ ವಿಶೇಷ ವ್ಯವಸ್ಥೆ" ಎಂದರು. ಒಳಗೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಸದ್ದು ಕೇಳುತ್ತಿತ್ತು. ಹೊರಗೆ ವಿಶೇಷ ವ್ಯವಸ್ಥೆಯಲ್ಲಿ ಸಾಹೇಬರು ಒಬ್ಬರೇ. ಎರಡನೆಯ ದಿನ ಕರಿ ಟೋಪಿಯ ಹಳ್ಳಿಯ ಮೇಷ್ಟರೊಬ್ಬರು ತಮ್ಮ ಎಲೆಯನ್ನು ಎತ್ತಿಕೊಂಡು ಬಂದು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. ಒಳಗೆ ಜಾಗ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡರು ಸಾಹೇಬರು.

ಗ್ರಾಮಜೀವನದ ಗೋಷ್ಠಿ ಮೂರನೆಯ ದಿನ. ರೇಷ್ಮೆ ಪಂಚೆಯ ಒಬ್ಬ ಘನ ವಿದ್ವಾಂಸರು ಗದ್ದೆಯಲ್ಲಿ ತೂಗಾಡುವ ರಾಗಿಯ ಬಂಗಾರದ ತೆನೆಯನ್ನು ಕಂಡು ರೈತನ ಎದೆ ಹಾಡುತ್ತದೆ ಎಂದರು. ಮುಕ್ಕಾಲು ಗಂಟೆ ಹಾಡಿಸಿದರು. ಸಾಹೇಬರ ಹದಿನೈದು ನಿಮಿಷ ಐದಾಯಿತು, ಐದು ಎರಡಾಯಿತು, ಕಾಫಿ ಆರುತ್ತಿದೆ ಎಂದು ಚೀಟಿ ಬಂತು. ಮುಸಲ್ಮಾನರಾಗಿದ್ದೂ ಕನ್ನಡಾಂಬೆಯ ಸೇವೆ ಮಾಡುತ್ತಿರುವವರು ಎಂದು ಪರಿಚಯ ಮಾಡಿಕೊಟ್ಟರು. ಸಾಹೇಬರು ಎದ್ದು ನಿಂತು, "ರಾಗಿ ಬೆಳೆಯುವುದು ಹೊಲದಲ್ಲಿ, ಗದ್ದೆಯಲ್ಲಲ್ಲ. ಅದರ ತೆನೆ ಬಂಗಾರದ ಬಣ್ಣವೂ ಅಲ್ಲ, ತೂಗಾಡುವುದೂ ಇಲ್ಲ, ಮುಷ್ಟಿ ಹಿಡಿದು ನಿಂತಿರುತ್ತದೆ. ನಮಸ್ಕಾರ," ಎಂದು ಹೇಳಿ ಕೂತರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಉಚ್ಚಾರಣೆಗೆ.

"ಸಾಹೇಬ್ರೇ, ಇಲ್ಲಿ ಯಾರಾದ್ರೂ ಬರ್ತಾರಾ?"

ಕಣ್ಣು ಬಿಟ್ಟರೆ ಜಗಲಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದ ಅದೇ ಕರಿ ಟೋಪಿಯ ಮೇಷ್ಟರು. ಹೆಸರು ಪಿಳ್ಳಪ್ಪ. ದೊಡ್ಡಬಳ್ಳಾಪುರದಾಚೆ ಮಧುರೆಯಲ್ಲಿ ಪ್ರೈಮರಿ ಶಾಲೆಯ ಉಪಾಧ್ಯಾಯರು, ಅಲ್ಲಿಯದೇ ಒಕ್ಕಲು ಮನೆತನ. ಮೂವತ್ತು ತುಂಬಿರದ ವಯಸ್ಸು. ಕಂಕುಳಲ್ಲಿ ಒಂದು ನೀಲಿ ರಟ್ಟಿನ ಪುಸ್ತಕ ಅವುಚಿಕೊಂಡಿದ್ದರು. ಸಾಹೇಬರಿಗೆ ಈತ ಬರೀ ಜಗಲಿಯಲ್ಲಿ ಕಂಡವನಲ್ಲ. ಮೂರು ದಿನವೂ ಒಬ್ಬ ಹಿರಿಯ ಪಂಡಿತರ ಹಿಂದೆ ಅವರ ಚೀಲ ಹೊತ್ತು, ಛತ್ರಿ ಹಿಡಿದು, ಮೆಟ್ಟಿಲಿನಲ್ಲಿ ರೆಟ್ಟೆ ಹಿಡಿದು ತಿರುಗಿದವನು. ಬಿಡುವು ಸಿಕ್ಕಾಗ ಆ ನೀಲಿ ಪುಸ್ತಕ ಚಾಚಿ ದೊಡ್ಡವರಿಂದ ಹಸ್ತಾಕ್ಷರ ಹಾಕಿಸಿಕೊಳ್ಳುತ್ತಿದ್ದವನು. ಆಗಲೇ ಸಾಹೇಬರು ಮನಸ್ಸಿನಲ್ಲಿ ಈತನಿಗೆ ಚೀಲದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

"ಕೂತ್ಕೊಳ್ಳಿ," ಎಂದರು.

ಯಲಹಂಕ ದಾಟುವವರೆಗೆ ಮಿಲಿಟರಿ ಲಾರಿಗಳ ಧೂಳಿನಲ್ಲಿ ಮಾತಿಲ್ಲ. ರಾಜಾನುಕುಂಟೆ ಹತ್ತಿರ ಒಂದು ಸಣ್ಣ ಏರು. ಆ ಏರಿನಲ್ಲಿ ಬಸ್ಸು ಎರಡು ಸಲ ಕೆಮ್ಮಿ ನಿಂತಿತು. ಡ್ರೈವರು ಇಳಿದು ಹಂಡೆಯ ಮುಚ್ಚಳ ತೆಗೆದು ನೋಡಿ, ಇದ್ದಿಲು ಒದ್ದೆ, ಎಲ್ಲಾ ಸುರಿದು ಹೊಸದು ಹೊತ್ತಿಸಬೇಕು, ಒಂದು ಗಂಟೆ ಎಂದ. ಜನ ಶಪಿಸುತ್ತಾ ಹೊಂಗೆ ಮರದ ನೆರಳಿಗೆ ಹೋದರು. ಸಾಹೇಬರು ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂತರು. ಪಿಳ್ಳಪ್ಪ ಮೇಷ್ಟರೂ ಬಂದು ಸ್ವಲ್ಪ ದೂರದಲ್ಲಿ ಕೂತರು.

"ನಿಮ್ಮ ಸಪ್ಪಲಮ್ಮನ ಲೇಖನ ಓದಿದೀನಿ ಸಾಹೇಬ್ರೇ," ಎಂದರು ಮೇಷ್ಟರು ಇದ್ದಕ್ಕಿದ್ದಂತೆ. "ಮೂರು ದಿನದಿಂದ ಹೇಳ್ಬೇಕು ಅಂತಿದ್ದೆ, ಧೈರ್ಯ ಬರ್ಲಿಲ್ಲ. 'ಮಕ್ಕಳೇ ಇಲ್ಲವೆಂದು ಮುದುಕಿ ಆಣೆ ಇಡುತ್ತಿದ್ದಂತೆ ಮಂಕರಿಯೊಳಗಿನಿಂದ ಯಾರೋ ಸೀನಿದರು. ಅದು ಕೋಳಿಯಲ್ಲವೆಂದು ನನಗೂ ಗೊತ್ತಾಯಿತು, ಕೋಳಿಗೂ ಗೊತ್ತಾಯಿತು.' ಇದನ್ನ ನಾನು ಐದನೇ ಕ್ಲಾಸಿಗೆ ಓದಿ ಹೇಳ್ದೆ. ಬಿದ್ದೂ ಬಿದ್ದೂ ನಕ್ಕವು. ಆಮೇಲೆ ಒಬ್ಳು, ಆ ಮಗೂಗೆ ದಾಕು ಹಾಕುದ್ರಾ ಸಾ, ಅಂತ ಕೇಳುದ್ಲು."

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸಾಹೇಬರ ಎದೆ ಬೆಚ್ಚಗಾಯಿತು. ಸಾಲು ಸಾಲು ತಪ್ಪಿಲ್ಲದೆ ಹೇಳಿದ್ದ. ಆದರೆ ಅಷ್ಟರಲ್ಲಿ ಅವರ ಕಣ್ಣು ನೀಲಿ ಪುಸ್ತಕದ ಮೇಲೆ ಬಿತ್ತು. ಚೀಲ ಹೊರುವವನ ಹೊಗಳಿಕೆ ಎಂದುಕೊಂಡರು. ಆ ಪಂಡಿತನ ಪುಸ್ತಕವನ್ನೂ ಹೀಗೇ ಒಪ್ಪಿಸಿರುತ್ತಾನೆ. ಅದೇ ಗಳಿಗೆಯಲ್ಲಿ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು: ಈ ಮೂರು ದಿನದ್ದು ಬರೆಯಲೇಬೇಕು, ಬರೆದರೆ ಈ ಮೇಷ್ಟರಿಲ್ಲದೆ ಬರೆಯಲಾಗದು. ದನಿಯನ್ನು ಮೆತ್ತಗೆ ಮಾಡಿಕೊಂಡರು.

"ಆ ಪಂಡಿತರ ಚೀಲ ಬಹಳ ಭಾರ ಇತ್ತಾ ಮೇಷ್ಟ್ರೇ?"

"ಹ್ಞೂ ಸಾಹೇಬ್ರೇ, ತುಂಬಾ ಪುಸ್ತಕ. ಜೊತೆಗೆ ನೀರಿನ ಚೊಂಬು ಬೇರೆ."

"ನಿಮ್ಮ ಹೆಸರು ಕೇಳಿದ್ರಾ ಅವರು?"

"ಕೇಳುದ್ರು ಕೇಳುದ್ರು. ದಿನಾ ಕೇಳುದ್ರು. ಮರ್ತೋಗೋದು ಅವ್ರಿಗೆ." ಮೇಷ್ಟರು ನಕ್ಕರು. "ಕೊನೇ ದಿನ, ಪುಟ್ಟಪ್ಪ ಅಂತ ಕರುದ್ರು. ನಾನೂ ಹೂಂ ಅಂದೆ."

"ಪುಸ್ತಕದಲ್ಲಿ ಎಷ್ಟು ಜನರ ಸಹಿ ಆಯ್ತು?"

ಪಿಳ್ಳಪ್ಪ ಮೇಷ್ಟರು ಪುಸ್ತಕ ಬಿಚ್ಚಿ ಒಂದೊಂದೇ ಹಾಳೆ ತೋರಿಸಿದರು. ಯಾರು ಯಾವ ಪೆನ್ನಿನಲ್ಲಿ ಹಾಕಿದರು, ಯಾರು ನಿಂತೇ ಹಾಕಿದರು, ಯಾರು ಮೊದಲು ಆಗಲ್ಲ ಹೋಗಯ್ಯಾ ಎಂದು ಆಮೇಲೆ ಕರೆದು ಹಾಕಿದರು. ಕೇಳುವವರು ಸಿಕ್ಕಿದ ಸುಖಕ್ಕೆ ಮನುಷ್ಯ ಕರಗಿಹೋದ. ತನ್ನ ಪದ್ಯದ ಸಂಗತಿಯನ್ನೂ ಹೇಳಿಕೊಂಡ. ಕವಿಗೋಷ್ಠಿಯಲ್ಲಿ ಈತನ ಹೆಸರು ಕರೆಯುವಷ್ಟರಲ್ಲಿ ಊಟದ ಗಂಟೆ ಹೊಡೆದು ಪೆಂಡಾಲು ಖಾಲಿಯಾಗಿತ್ತಂತೆ.

"ಹಂಗಾರೆ ಓದ್ಲಿಲ್ವಾ?"

"ಅಯ್ಯೋ, ಓದ್ದೆ! ಚಾಪೆ ಸುತ್ತೋನೊಬ್ಬ ಇದ್ದ. ಅವ್ನು ಕೇಳುಸ್ಕೊಂಡ. ನನ್ ದನಿ ಆ ಮೈಕಿನಲ್ಲಿ ಬಂದು ನನ್ನ ಕಿವಿಗೇ ಬಿತ್ತಲ್ಲ ಸಾಹೇಬ್ರೇ, ಮೈಯೆಲ್ಲಾ ಜುಂ ಅಂತು."

"ಹೌದಾ? ಆಮೇಲೆ?" ಎನ್ನುತ್ತಿದ್ದರು ಸಾಹೇಬರು. "ಆಮೇಲೆ ಏನಾಯ್ತು?"

ಸಂಜೆಯ ಹೊತ್ತಿಗೆ ಬಸ್ಸು ದೊಡ್ಡಬಳ್ಳಾಪುರ ಮುಟ್ಟಿತು. ಮಧುರೆ ಕಡೆಯ ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ಮನೆ ಹತ್ತಿರವೇ ಇದ್ದುದರಿಂದ, ಕರೆಯದಿದ್ದರೆ ಚೆನ್ನಾಗಿರುವುದಿಲ್ಲವೆಂದು ಸಾಹೇಬರು ಕರೆದರು. ಅನ್ವರ್ ಬೇಗಂ ಬಾಗಿಲ ಪರದೆಯ ಹಿಂದಿನಿಂದ ಚಹಾ ಕಳಿಸಿದರು. ಮೇಷ್ಟರು ಒಂದು ಗಳಿಗೆ ಲೋಟವನ್ನೇ ನೋಡಿದರು, ಮತ್ತೆ ಕುಡಿದೇಬಿಟ್ಟರು. "ಅಮ್ಮಾವ್ರೇ, ಚೆನ್ನಾಗಿದೆ," ಎಂದು ಪರದೆಗೆ ಕೈ ಮುಗಿದು ಹೋದರು.

"ಒಳ್ಳೇ ಮನುಷ್ಯ," ಎಂದರು ಬೇಗಂ.

"ಎಮ್ಮೆ," ಎಂದರು ಸಾಹೇಬರು. "ಯಾರು ಮುಂದೆ ಹೋದರೂ ಹಿಂದೆ ಹೋಗುತ್ತೆ."

"ಅಜೀ, ನಿಮ್ಮ ಹಿಂದೆಯೂ ಬಂತಲ್ಲ?"

ಸಾಹೇಬರು ಶೇರ್ವಾನಿ ಬಿಚ್ಚಿ ಗೂಟಕ್ಕೆ ಹಾಕಿ, ಕಾಗದ ಹುಡುಕಿದರು.

ಮೂರು ಸಂಜೆ ಬರೆದರು. ಇಷ್ಟು ಸಲೀಸಾಗಿ ಅವರು ಹಿಂದೆಂದೂ ಬರೆದಿರಲಿಲ್ಲ. ಗದ್ದೆಯ ರಾಗಿ ಬಂತು, ವಿಶೇಷ ವ್ಯವಸ್ಥೆ ಬಂತು, ತುಪ್ಪದ ಸದ್ದು ಬಂತು, ಹೂವಿನ ಕಾರಿನಲ್ಲಿ ಮೆರವಣಿಗೆ ಹೊರಟು ಅರ್ಧ ದಾರಿಯಲ್ಲಿ ಕಾರು ನಿಂತು ಇಳಿದು ನಡೆದ ಅಧ್ಯಕ್ಷರು ಬಂದರು. ಯಾರ ಹೆಸರೂ ಹಾಕಲಿಲ್ಲ, ಆದರೆ ಗುರುತು ಹತ್ತದವರು ಯಾರೂ ಇರಲಿಲ್ಲ. ಎರಡನೆಯ ಪುಟದಲ್ಲಿ ಚೀಲದ ಮೇಷ್ಟ್ರು ಬಂದರು. ಹುಡುಗರು ಹುಣಸೆಬೀಜ ಆಯುವ ಹಾಗೆ ಸಹಿ ಆಯ್ದವರು, ಪುಟ್ಟಪ್ಪ ಎಂದು ಕರೆದರೂ ಹೂಂ ಎಂದವರು, ಚಾಪೆ ಸುತ್ತುವವನಿಗೆ ಕವಿತೆ ಓದಿ ಪುಳಕಗೊಂಡವರು. "ಸರಸ್ವತಿಯ ವಾಹನ ಹಂಸವೆಂದು ಕೇಳಿದ್ದೆ. ಮೊನ್ನೆ ನೋಡಿದರೆ ಆಕೆ ಸಾಮಾನನ್ನು ಬೇರೆ ಪ್ರಾಣಿಯ ಮೇಲೆ ಹೇರುತ್ತಾಳೆ," ಎಂದು ಬರೆದು, ಆ ವಾಕ್ಯವನ್ನು ಎರಡು ಸಲ ಓದಿ, ತಲೆದೂಗಿದರು.

ಲೇಖನ ಫೆಬ್ರವರಿಯಲ್ಲಿ ಅಚ್ಚಾಯಿತು. ಸಾಹೇಬರು ಬೈಗುಳದ ಪತ್ರಗಳಿಗೆ ಕಾದರು, ಉತ್ತರಗಳನ್ನೂ ಸಿದ್ಧಮಾಡಿಕೊಂಡರು. ಬಂದದ್ದೆಲ್ಲಾ ಮೆಚ್ಚುಗೆ. ರಾಗಿಯ ವಿದ್ವಾಂಸರು, ಅಧ್ಯಕ್ಷರ ಕಾರಿನ ಪ್ರಸಂಗ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆನೆಂದು ಬರೆದಿದ್ದರು. ಅಧ್ಯಕ್ಷರು, ರಾಗಿಯ ಬಗ್ಗೆ ನೀವು ಹೇಳಿದ್ದು ಆ ಮನುಷ್ಯನಿಗೆ ಬೇಕಾಗಿತ್ತು ಎಂದು ಬರೆದಿದ್ದರು. ಸ್ವಾಗತ ಸಮಿತಿಯವರಿಗೆ ಎರಡೂ ಹಿಡಿಸಿತ್ತು. ವಿಶೇಷ ವ್ಯವಸ್ಥೆಯ ಮಾತು ಯಾರಿಗೋ ಬೇರೆಯವರಿಗೆ ಹೇಳಿದ್ದೆಂದು ತಿಳಿದಿದ್ದರು. ಎಲ್ಲರದೂ ಒಂದು ವಿಷಯದಲ್ಲಿ ಮಾತ್ರ ಒಮ್ಮತ: ಆ ಚೀಲದ ಮೇಷ್ಟರ ಚಿತ್ರವಂತೂ ಅದ್ಭುತ. ಮುಸಲ್ಮಾನ ಬಂಧುಗಳೊಬ್ಬರು ಕನ್ನಡದಲ್ಲಿ ಇಂಥ ವಿನೋದ ಬರೆಯಬಲ್ಲರೆಂದು ತಾವು ಎಣಿಸಿರಲಿಲ್ಲವಂತೆ.

ಆ ಪತ್ರಗಳನ್ನು ಸಾಹೇಬರು ಮೊಳೆಗೆ ಚುಚ್ಚಿದರು. ಕತ್ತಿ ಬೀಸಿದ್ದಾಯಿತು, ಎಮ್ಮೆಯ ಚರ್ಮಕ್ಕೆ ತುರಿಕೆ ತೀರಿದಂತಾಯಿತು ಎಂದು ಹೆಂಡತಿಗೆ ಹೇಳಿದರು. ಎಮ್ಮೆಗಳು ಈಗ ಬೆಂಗಳೂರಿನವು.

ಮಾರ್ಚಿನಲ್ಲಿ ಮಧುರೆಯ ಪಕ್ಕದ ಹಟ್ಟಿಯೊಂದರಲ್ಲಿ ಸಿಡುಬು ಕಾಣಿಸಿಕೊಂಡಿತು. ಸಾಹೇಬರು ಬೆಳಗ್ಗೆಯೇ ಸೈಕಲ್ಲು ಹತ್ತಿ ಹೊರಟರು. ಮಧುರೆಯ ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಅಂಜಿನಮ್ಮ ಎಂಬಾಕೆಯನ್ನು ಶಾಲೆ ಬಾಗಿಲು ತೆಗೆದಿದೆಯೇ ಎಂದು ಕೇಳಿದರು.

"ಚೀಲದ್ ಮೇಷ್ಟ್ರಾ? ಅವಾಗ್ಲೇ ಹೋದ್ರು," ಎಂದಳು ಆಕೆ.

ಸಾಹೇಬರ ಕಾಲು ಪೆಡಲಿನ ಮೇಲೆ ನಿಂತುಹೋಯಿತು. "ಯಾರು ಹಂಗೆ ಕರೆಯೋದು?"

"ಎಲ್ರೂವೆ. ಪೇಪರ್ನಾಗೆ ಬಂದಿತ್ತಂತಲ್ಲ. ಮೊನ್ನೆ ಇಸ್ಕೂಲ್ ಇನ್ಸ್‌ಪೆಟ್ರು ಬಂದಿದ್ರು, ಗಾಡಿ ಇಳೀತಿದ್ದಂಗೆಯ, ತಗೊಳಯ್ಯ ಇದುನ್ನೂ ಹೊತ್ಕೋ ಅಂತ ಅವ್ರ ಚೀಲ ಇವ್ರ ಕೈಗೆ ಕೊಟ್ರಂತೆ. ಜೊತೆಗಿದ್ದೋರೆಲ್ಲಾ ನಕ್ರಂತೆ."

"ಮೇಷ್ಟ್ರು ಏನಂದ್ರು?"

"ಏನಂತಾರೆ? ಹೊತ್ಕೊಂಡ್ರು."

ಶಾಲೆಯಲ್ಲಿ ಪಿಳ್ಳಪ್ಪ ಮೇಷ್ಟರು ಎದ್ದು ನಮಸ್ಕಾರ ಮಾಡಿದರು. ಕುರ್ಚಿ ಕೊಟ್ಟರು. ದಾಕಿನ ಹೆಸರೆತ್ತುತ್ತಲೇ ಕಿಟಕಿ ಹಾರಲು ನೋಡಿದ ಮಕ್ಕಳನ್ನು ಗದರಿ ಸಾಲಾಗಿ ನಿಲ್ಲಿಸಿದರು. ಯಾವ ಮಗುವೂ ಮುಂದೆ ಬರದಿದ್ದಾಗ ಕೋಟು ಬಿಚ್ಚಿ, ಅಂಗಿಯ ತೋಳು ಮೇಲೆ ಸರಿಸಿ, "ಮೊದ್ಲು ನನಗೆ ಹಾಕಿ," ಎಂದು ತಾವೇ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಮೇಷ್ಟರೂ ಹಾಗೆ ನಿಂತದ್ದನ್ನು ಸಾಹೇಬರು ಕಂಡಿರಲಿಲ್ಲ. ದಾಕಿನ ಸೂಜಿ ಚರ್ಮಕ್ಕೊತ್ತಿ ತಿರುಗಿಸುವಾಗ ಆ ತೋಳನ್ನು ನೋಡಿದರೇ ಹೊರತು ಮುಖವನ್ನು ನೋಡಲಿಲ್ಲ. ಮಧ್ಯಾಹ್ನದೊಳಗೆ ಐವತ್ತಾರು ಮಕ್ಕಳಿಗೆ ದಾಕು ಬಿತ್ತು. ಒಂದು ಮಗುವೂ ತಪ್ಪಿಸಿಕೊಳ್ಳಲಿಲ್ಲ.

ಮಕ್ಕಳು ಹೋದ ಮೇಲೆ ಸಾಹೇಬರು ಪೆಟ್ಟಿಗೆ ಕಟ್ಟುತ್ತಾ, "ಹಾಸ್ಯಕ್ಕೆ ಬರೆದದ್ದು ಮೇಷ್ಟ್ರೇ," ಎಂದರು.

"ಗೊತ್ತು ಸಾಹೇಬ್ರೇ. ನಾನೂ ನಕ್ಕೆ. ಮೊದಲ್ನೇ ಪುಟ ಓದ್ಕೊಂಡು ಒಬ್ನೇ ನಕ್ಕಿದ್ದೇ ನಕ್ಕಿದ್ದು. ನಮ್ಮನೆಯವ್ಳನ್ನೂ ಕರುದು ಓದಿ ಹೇಳ್ದೆ. ತಿರುಗಿಸಿದ್ರೆ ಎರಡನೇದ್ರಲ್ಲಿ ನಾನೇ ಇದ್ದೆ." ಮೇಷ್ಟರ ದನಿಯಲ್ಲಿ ಜಗಳವಿರಲಿಲ್ಲ. "ಓದಿ ಹೇಳ್ತಾ ಇದ್ದೋನು ಮಧ್ಯಕ್ಕೇ ನಿಲ್ಲುಸ್ಬುಟ್ಟೆ. ಅವ್ಳು, ಯಾಕೆ ನಿಲ್ಲುಸ್ದೆ, ಮುಂದಕ್ಕೆ ಓದು ಅಂತಾಳೆ."

ಸಾಹೇಬರು ಹಗ್ಗದ ಗಂಟು ಬಿಗಿದರು.

"ಸಹಿ ಹಾಕುಸ್ಕೊಂಡಿದ್ದು ಆಸೆಗೆ. ಅದಕ್ಕೆ ನಗ್ಬೋದು, ನಕ್ಕೊಳ್ಳಿ. ಆದ್ರೆ ಆ ಚೀಲದ್ದು ಯಾಕೆ ಬರುದ್ರಿ? ಅವರಿಗೆ ಕಣ್ಣು ಕಾಣ್ತಿರ್ಲಿಲ್ವಲ್ಲ."

"ಯಾರಿಗೆ?"

"ಆ ಪಂಡಿತ್ರಿಗೆ. ಎರಡೂ ಕಣ್ಣಿಗೆ ಪೊರೆ. ಕರ್ಕೊಂಡ್ ಬರ್ಬೇಕಾಗಿದ್ದ ಮಗ ಬರ್ಲಿಲ್ಲ. ಹೇಳುದ್ರೆ ವೇದಿಕೆ ಹತ್ತಿಸ್ತಾರೋ ಇಲ್ವೋ ಅಂತ ಯಾರಿಗೂ ಹೇಳಿರ್ಲಿಲ್ಲ. ಮೊದಲ್ನೇ ದಿನ ಮೆಟ್ಲಲ್ಲಿ ಎಡವುದ್ರು, ನಾನು ಹಿಡ್ಕೊಂಡೆ. ಯಾರಿಗೂ ಹೇಳ್ಬೇಡ ಕಣಪ್ಪಾ ಅಂತ ಕೈ ಅದುಮುದ್ರು. ಹೆಂಗ್ ಬಿಡೋದು? ಮೂರ್ ದಿನ ಹಿಡ್ಕೊಂಡೇ ಇದ್ದೆ." ಮೇಷ್ಟರು ಕರಿ ಟೋಪಿಯ ಧೂಳು ತಟ್ಟಿದರು. "ಬಸ್ಸು ಕೆಟ್ಟು ನಿಂತಾಗ ನೀವು ಅಷ್ಟೆಲ್ಲಾ ಕೇಳುದ್ರಿ. ಯಾಕೆ ಹೊತ್ತೆ ಅಂತ ಒಂದು ಮಾತು ಕೇಳಿದ್ರೆ ನಿಮ್ಗೆ ಹೇಳ್ತಿದ್ದೆ."

ಸಾಹೇಬರು ಹಿಂತಿರುಗುವಾಗ ಕೆರೆ ಏರಿಯ ಮೇಲೆ ಸೈಕಲ್ಲು ತುಳಿಯಲಿಲ್ಲ, ತಳ್ಳಿಕೊಂಡು ನಡೆದರು. ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವರನ್ನು ನೂರು ಹೆಜ್ಜೆ ದೂರದಿಂದ ನಡಿಗೆಯಲ್ಲೇ ಗುರುತು ಹಿಡಿಯುತ್ತಿದ್ದ ಮನುಷ್ಯ ಅವರು. ಪಾದ ನೆಲವನ್ನು ಮೊದಲು ತಡವಿ ಆಮೇಲೆ ಊರುವುದು, ಗಲ್ಲ ಸ್ವಲ್ಪ ಮೇಲೆತ್ತಿರುವುದು, ದನಿ ಬಂದ ಕಡೆ ಕಿವಿ ತಿರುಗುವುದು, ಇಷ್ಟೂ ಆ ಪಂಡಿತರಲ್ಲಿತ್ತು. ಈಗ ಒಂದೊಂದಾಗಿ ನೆನಪಿಗೆ ಬರುತ್ತಿತ್ತು. ಮೂರು ದಿನ ಎದುರಿಗೇ ಇತ್ತು. ಅವರು ನೋಡಿದ್ದು ಚೀಲವನ್ನು. ಹುಣಸೆಬೀಜ, ಹಂಸ, ಬೇರೆ ಪ್ರಾಣಿ! ಎರಡು ಸಲ ಓದಿ ತಲೆದೂಗಿದ ವಾಕ್ಯ ಈಗ ಬಾಯಲ್ಲಿ ಹಳಸಿದ ಸಾರಿನಂತೆ ಹುಳಿ ಬಡಿಯಿತು. ತಮಗೂ ಒಂದು ಹೆಸರಿಡಬೇಕೆನಿಸಿತು. ಇಟ್ಟರು. ಅದನ್ನು ಅನ್ವರ್ ಬೇಗಂಗೂ ಹೇಳಲಿಲ್ಲ.

ಆ ವಾರವೇ ಅವರು ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದರು. ತಮ್ಮ ಲೇಖನದ ಎರಡನೆಯ ಪುಟ ಸುಳ್ಳು, ಆ ಮೇಷ್ಟರು ಚೀಲ ಹೊತ್ತದ್ದು ಓಲೈಕೆಗಲ್ಲ, ಆಪತ್ತಿನಲ್ಲಿದ್ದ ಒಬ್ಬರ ಮರ್ಯಾದೆ ಉಳಿಸಲು; ಕಾರಣ ಹೇಳುವ ಹಕ್ಕು ತಮಗಿಲ್ಲ, ತಾವು ನೋಡದೆ ಬರೆದವರು. ಸಂಪಾದಕರು ಅಚ್ಚು ಮಾಡಲಿಲ್ಲ. ವಿನೋದಕ್ಕೆ ವಿವರಣೆ ಕೊಟ್ಟರೆ ರಸಭಂಗವಾಗುತ್ತದೆ, ಕಾಗದದ ಅಭಾವ ಬೇರೆ ಎಂದು ಕಾರ್ಡು ಹಾಕಿದರು. ಸಾಹೇಬರು ಪತ್ರದ ಇನ್ನೊಂದು ಪ್ರತಿಯನ್ನು ಇನ್ಸ್‌ಪೆಕ್ಟರಿಗೆ ಕಳಿಸಿದರು. ಅವರು ಉತ್ತರ ಬರೆಯಲಿಲ್ಲ. ಮೂರನೆಯ ಪ್ರತಿಯನ್ನು ತಾವೇ ಮಧುರೆಗೆ ಹೋಗಿ, ಸಂತೆಯ ದಿನ ಅಂಗಡಿಯ ಕಟ್ಟೆಯ ಮೇಲೆ ನಿಂತು, ಜನ ಸೇರಿದಲ್ಲಿ ಗಟ್ಟಿಯಾಗಿ ಓದಿದರು. ದಾಕಿಗೆ ಬಂದ ಸಾಹೇಬರೆಂದು ಹೆದರಿ ಕೆಲವರು ಎದ್ದು ಹೋದರು. ಉಳಿದವರು ಕೇಳಿದರು, ಕೇಳಿ, ಹೆಸರನ್ನು ಬಿಡಲಿಲ್ಲ. ಹಳ್ಳಿಯಲ್ಲಿ ಒಮ್ಮೆ ಹತ್ತಿದ ಹೆಸರು ಒಗೆದರೆ ಹೋಗುವುದಿಲ್ಲ. ಎಷ್ಟೋ ವರ್ಷ ಪಿಳ್ಳಪ್ಪನವರು ಚೀಲದ ಮೇಷ್ಟರಾಗಿಯೇ ಉಳಿದರು.

ಮುಂದಿನ ಸಮ್ಮೇಳನಕ್ಕೆ ಹಾಸ್ಯಗೋಷ್ಠಿಯಲ್ಲಿ ಮಾತಾಡಿರೆಂದು ಆಹ್ವಾನ ಬಂತು. ಈ ಸಲ ಹದಿನೈದಲ್ಲ, ಇಪ್ಪತ್ತು ನಿಮಿಷ. ಊಟದ ವ್ಯವಸ್ಥೆ ಪ್ರತ್ಯೇಕವಾಗಿರುತ್ತದೆಂದು ಪೆನ್ಸಿಲಿನಲ್ಲಿ ಸೇರಿಸಿದ್ದರು. ಸಾಹೇಬರು ಆ ಹಾಳೆಯ ಹಿಂಬದಿಯಲ್ಲಿ ದಾಕಿನ ಲೆಕ್ಕ ಬರೆದುಕೊಂಡರು. ಸಮ್ಮೇಳನದವರ ಮೇಲಿನ ತಾತ್ಸಾರ ಒಂದು ಗುಂಜಿಯಷ್ಟೂ ಕಮ್ಮಿಯಾಗಿರಲಿಲ್ಲ. ಸಾಯುವವರೆಗೂ ಕಮ್ಮಿಯಾಗಲಿಲ್ಲ. ಆದರೆ ಅದನ್ನು ಕಾಗದದ ಮೇಲೆ ಇಳಿಸಲು ಕೂತಾಗಲೆಲ್ಲ, ಇದರಲ್ಲಿ ಇನ್ನು ಯಾರ ಕಣ್ಣು ಕಾಣುತ್ತಿರಲಿಲ್ಲವೋ ಎಂಬ ಅನುಮಾನ ಅಡ್ಡ ಬರುತ್ತಿತ್ತು. ಹದಿನಾರಕ್ಕೇ ಅವರ ಲೇಖನಗಳು ನಿಂತವು. ಪತ್ರಿಕೆಯವರು ಒಂದೆರಡು ಸಲ ಕೇಳಿದರು, ಆಮೇಲೆ ಮರೆತರು.

ಮಧುರೆಗೆ ದಾಕಿಗೆ ಹೋದಾಗಲೆಲ್ಲಾ ಪಿಳ್ಳಪ್ಪ ಮೇಷ್ಟರು ಕುರ್ಚಿ ಕೊಡುತ್ತಿದ್ದರು, ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮನೆಗೆ ಮಾತ್ರ ಕರೆಯಲಿಲ್ಲ. ಸಾಹೇಬರ ಬರವಣಿಗೆಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಮೇಷ್ಟರು ಮಕ್ಕಳ ಪದ್ಯಗಳ ಒಂದು ಸಣ್ಣ ಪುಸ್ತಕವನ್ನು ದೊಡ್ಡಬಳ್ಳಾಪುರದ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರು. ಸಾಹೇಬರಿಗೆ ಯಾರೂ ಕಳಿಸಲಿಲ್ಲ. ಪ್ರೆಸ್ಸಿನ ಗೋಪಾಲಪ್ಪನ ಹತ್ತಿರ ಕೇಳಿ ತಂದುಕೊಂಡರು. ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ, ಒಂದು ಪದ್ಯವನ್ನೂ ಬಿಡದೆ ಓದಿದರು. ಪದ್ಯಗಳು ಚೆನ್ನಾಗಿರಲಿಲ್ಲ. ಪ್ರಾಸಕ್ಕಾಗಿ ಗುಬ್ಬಿಯನ್ನು ತಬ್ಬಿಸಿದ್ದರು, ಮಾತ್ರೆ ಕುಂಟುತ್ತಿತ್ತು, ಚಂದಮಾಮ ನಾಲ್ಕು ಕಡೆ ಬಂದಿದ್ದ.

"ಹೇಗಿದೆ ಜೀ?" ಎಂದು ಕೇಳಿದರು ಅಕ್ಕಿ ಆರಿಸುತ್ತಿದ್ದ ಅನ್ವರ್ ಬೇಗಂ. ಗಂಡನ ನಾಲಗೆ ಗೊತ್ತಿದ್ದ ಆಕೆ ಮೊರ ಕೆಳಗಿಟ್ಟು ಕಾದರು.

ಖಾಸಿಂ ಸಾಹೇಬರ ಬಾಯಿಯ ತನಕ ಒಂದು ಕೊಂಕು ಬಂತು. ಬಹಳ ಚೆನ್ನಾದದ್ದೇ ಬಂತು.

"ಅಚ್ಚಿನ ತಪ್ಪು ಒಂದೂ ಇಲ್ಲ," ಎಂದು ಪುಸ್ತಕ ಮಡಿಸಿದರು.